ಕೊಂಬಿನ ಕವಲನ್ನು ಎಲ್ಲಿಂದ ಅಳೆಯಬೇಕು

ಮಾಷ್ಟ್ರು ಹೋದ ಸುದ್ದಿಯನ್ನು ನನಗೆ ಹೇಳಿದವರು ಅವರ ಹೆಂಡತಿ. ಫೋನಿನಲ್ಲಿ ಊರಿನ ನಂಬರು ಕಂಡು ಅವರೇ ಇರಬೇಕೆಂದು, "ಎಂತ ಮಾಷ್ಟ್ರೇ, ಇಷ್ಟು ದಿನದ ಮೇಲೆ ನೆನಪಾಯ್ತಾ?" ಎಂದು ಶುರುಮಾಡಿಬಿಟ್ಟಿದ್ದೆ. ಆ ಕಡೆಯಿಂದ, "ನಾನು ಅವರ ಮನೆಯವಳು. ಅವರು ಹೋದ್ರು. ಮೊನ್ನೆ ಬೆಳಿಗ್ಗೆ ಪೇಪರ್ ಓದ್ತಾ ಇದ್ದವರು ಹಾಗೇ ಒರಗಿದ್ದು" ಎಂದರು. ನಾನು ಏನೇನೋ ತೊದಲಿದೆ. ಅವರೇ ನನಗೆ ಸಮಾಧಾನ ಹೇಳುವ ಹಾಗೆ, "ಅವರಿಗೆ ನಿಮ್ಮ ಮೇಲೆ ಭಾರೀ ಅಭಿಮಾನ. ಕತಾರಲ್ಲಿ ನನಗೆ ಒಳ್ಳೆ ಚೆಕ್ಕರ್ ಸಿಕ್ಕಿದ್ದ ಅಂತ ಹೇಳ್ತಾ ಇದ್ರು" ಎಂದರು. ಆ ಮಾತಿಗೆ ನಾನು ಯೋಗ್ಯನಲ್ಲ. ಅದು ನನಗೂ ಗೊತ್ತು, ಮಾಷ್ಟ್ರಿಗೂ ಗೊತ್ತಿತ್ತು.

ಚೆಕ್ಕರ್ ಎಂದರೆ ಏನೆಂದು ಮೊದಲು ಹೇಳಿಬಿಡಬೇಕು. ದೋಹಾದ ಒಂದು ಎಂಜಿನಿಯರಿಂಗ್ ಕಂಪನಿಯ ಡ್ರಾಯಿಂಗ್ ಆಫೀಸಿನಲ್ಲಿ ನಾವಿಬ್ಬರೂ ಇದ್ದೆವು. ಎರಡು ಸಾವಿರದ ಐದು, ಆರು, ಏಳರ ಕಾಲ ಅದು. ದೋಹಾದ ಪಕ್ಕ ಈಗ ನಗರವಾಗಿರುವ ಲುಸೈಲ್ ಎಂದರೆ ಆಗ ಬರೀ ಮರಳು ಮತ್ತು ಡಂಪರುಗಳು. ಪೈಪುಗಳ, ಪಂಪ್‌ಹೌಸುಗಳ ನಕ್ಷೆ ಬರೆಯುವುದು ನಮ್ಮ ಕೆಲಸ. ಪ್ರತಿ ನಕ್ಷೆಯ ಬಲಮೂಲೆಯಲ್ಲಿ ಕಂಪನಿಯ ಹೆಸರಿನ ಒಂದು ಚೌಕಟ್ಟು, ಅದರೊಳಗೆ ಎರಡು ಸಣ್ಣ ಮನೆಗಳು. ಬರೆದವನು ಒಂದರಲ್ಲಿ ಇನಿಶಿಯಲ್ ಹಾಕಬೇಕು, ಪರಿಶೀಲಿಸಿದವನು ಇನ್ನೊಂದರಲ್ಲಿ. ಮಾಷ್ಟ್ರು ಬರೆಯುತ್ತಿದ್ದರು, ನಾನು ಚೆಕ್ ಮಾಡುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರ ತಪ್ಪು ಹುಡುಕುವುದು ನನ್ನ ಉದ್ಯೋಗವಾಗಿತ್ತು. ಅದಕ್ಕೆ ಅವರು ಒಂದು ದಿನವೂ ಮುಖ ದಪ್ಪ ಮಾಡಿದವರಲ್ಲ. ತಪ್ಪು ಸಿಗದಿದ್ದರೆ ಮಾತ್ರ ಗೊಣಗುತ್ತಿದ್ದರು. "ಸರಿ ನೋಡಿದ್ದೀಯೋ, ಅಲ್ಲ ಚಾ ಕುಡೀಲಿಕ್ಕೆ ಹೊತ್ತಾಯ್ತು ಅಂತ ಬಿಟ್ಟಿದ್ದೀಯೋ?"

ಕಾರ್ಕಳದ ಕಡೆಯವರು. ಗಲ್ಫಿಗೆ ಬರುವ ಮೊದಲು ಒಂದು ಐಟಿಐಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು. ಮಾಷ್ಟ್ರು ಎಂಬ ಆ ಹೆಸರು ಸಮುದ್ರ ದಾಟಿಯೂ ಬಿಡಲಿಲ್ಲ. ಮಲಯಾಳಿಗಳಿಗೂ ಫಿಲಿಪೀನಿಯರಿಗೂ ಅವರು 'ಮಾಸ್ಟರ್'. ನಾನು ಶಿರ್ವದ ಕಡೆಯ ಕ್ರಿಶ್ಚಿಯನ್, ಮನೆಯಲ್ಲಿ ಕೊಂಕಣಿ. ನಮ್ಮಿಬ್ಬರ ಮಾತು ಕನ್ನಡದಲ್ಲಿ ನಡೆಯುತ್ತಿತ್ತು, ಸಿಟ್ಟು ಬಂದರೆ ಮಾತ್ರ ಅವರು ತುಳುವಿಗೆ ಇಳಿಯುತ್ತಿದ್ದರು.

ಸಿಟ್ಟು ಬೇಗ ಬರುತ್ತಿತ್ತು. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ನಕ್ಷೆ ಮಾಡುತ್ತಿದ್ದರೂ ಅದನ್ನು 'ಪೆಟ್ಟಿಗೆ' ಎಂದು ಕರೆಯುತ್ತಿದ್ದರು. ಮೇಜಿನ ಡ್ರಾವರಿನಲ್ಲಿ ಹಳೆಯ ಮರದ ಸ್ಕೇಲು, ಬ್ಲೇಡಿನಲ್ಲಿ ಕೆತ್ತಿದ ಪೆನ್ಸಿಲುಗಳು. ಆ ಸ್ಕೇಲನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ, ಅದರಲ್ಲಿ ಮಹಾ ಜಿಪುಣ. ಅಲ್ ಮನ್ಸೂರಾದ ನಮ್ಮ ಖಾಯಂ ಹೋಟೆಲಿನಲ್ಲಿ ಒಮ್ಮೆ ಮಸಾಲೆ ದೋಸೆ ಬಂದಾಗ ಗೇಣು ಹಾಕಿ ನೋಡಿ, "ಕಳೆದ ವಾರಕ್ಕಿಂತ ಎರಡಿಂಚು ಕಮ್ಮಿ" ಎಂದು ಅಡುಗೆಯವನನ್ನೇ ಕರೆಸಿದ್ದರು. ಅವನು ನಗುತ್ತಾ ಇನ್ನೊಂದು ತಂದಿಟ್ಟ. "ನಗ್ಬೇಡ ಮಾರಾಯ, ನಾಳೆ ಮೂರಿಂಚು ಆಗ್ತದೆ" ಎಂದರು ಇವರು. ನನಗೆ ತಲೆ ತಗ್ಗಿಸುವ ಹಾಗಾಗಿತ್ತು.

ಅಷ್ಟೇ ಆಗಿದ್ದರೆ ಅವರನ್ನು ಒಬ್ಬ ಪಿರಿಪಿರಿ ಮನುಷ್ಯ ಎಂದು ಮರೆತುಬಿಡಬಹುದಿತ್ತು. ಲುಸೈಲಿನ ಸೈಟಿನಲ್ಲಿ ಒಂದು ಪಂಪ್‌ಹೌಸಿನ ಕೆಲಸ ಮುಗಿದು, ಕಟ್ಟಿದ್ದು ಹೀಗೇ ಇದೆ ಎಂದು ತೋರಿಸುವ ಕೊನೆಯ ನಕ್ಷೆಗೆ ಇನಿಶಿಯಲ್ ಹಾಕಬೇಕಿತ್ತು. ಎಲ್ಲರೂ ಆಫೀಸಿನಲ್ಲೇ ಕೂತು ಹಾಕುವುದು ವಾಡಿಕೆ. ಇವರು ಜುಲೈಯ ಬಿಸಿಲಿನಲ್ಲಿ ಸೈಟಿಗೆ ಹೊರಟರು. ಸೈಟಿನವರು "ಯಲ್ಲಾ ಮಾಸ್ಟರ್, ಖಲಾಸ್, ಸೈನ್ ಮಾಡಿ" ಎಂದು ಅವಸರ ಮಾಡಿದರೂ ಕೇಳದೆ ಮೊಣಕಾಲೂರಿ ಒಂದೊಂದು ಬೋಲ್ಟಿನ ದೂರ ಅಳೆದರು. ಸಂಜೆ ಬಂದಾಗ ಮುಖ ಕೆಂಪು, ತುಟಿ ಒಡೆದಿದೆ. ಎಲ್ಲ ಸರಿಯಿತ್ತು. "ಸರಿಯೇ ಇತ್ತಲ್ಲ, ಸುಮ್ನೆ ಬೆಂದದ್ದು" ಎಂದೆ. "ಸರಿ ಉಂಟು ಅಂತ ಈಗ ಗೊತ್ತಾಯ್ತಲ್ಲ" ಎಂದರು. ನಾನು ಒಳಗೊಳಗೆ ನಕ್ಕೆ.

ಇಂಥವರ ಕೈಗೆ ಜಿಂಕೆಯ ಕೊಂಬು ಬಂದದ್ದು ನಮ್ಮ ಪೈಪಿಂಗ್ ವಿಭಾಗದ ಮುಖ್ಯಸ್ಥನಿಂದ. ಡೇಲ್ ಎಂದು ಅವನ ಹೆಸರು. ಅಮೆರಿಕದ ಉತ್ತರದ ಕಡೆಯ, ಕಾಡು ತುಂಬಿದ ಒಂದು ಸಣ್ಣ ಊರಿನವನು. ಅಲ್ಲಿ ಸರ್ಕಾರದ ಕಾಡು ಎಲ್ಲರಿಗೂ ಸೇರಿದ್ದು. ಲೈಸೆನ್ಸ್ ತೆಗೆದುಕೊಂಡವರು ಆಯಾ ಕಾಲದಲ್ಲಿ ಬಿಲ್ಲುಬಾಣ ಹಿಡಿದು ಜಿಂಕೆ ಬೇಟೆಯಾಡಬಹುದು. ಆದರೆ ಕಂಡ ಜಿಂಕೆಗೆಲ್ಲ ಹೊಡೆಯುವಂತಿಲ್ಲ. ಗಂಡು ಜಿಂಕೆಯ ಒಂದು ಕಡೆಯ ಕೊಂಬಿನಲ್ಲಾದರೂ ಮೂರು ಕವಲು ಇರಬೇಕು. ಒಂದಿಂಚಿಗಿಂತ ಗಿಡ್ಡ ಇದ್ದರೆ ಅದು ಕವಲೇ ಅಲ್ಲ. ಡೇಲ್‌ನ ಅಪ್ಪ ಊರಿನಲ್ಲಿ ಬಿಲ್ಲುಗಾರರ ಒಂದು ಕೂಟ ನಡೆಸುತ್ತಿದ್ದ. ಹೊಸಬರಿಗೆ ಸರ್ಕಾರದ ಪುಸ್ತಕ ಓದಿ ತಲೆಗೆ ಹೋಗುವುದಿಲ್ಲ, ಒಂದು ಚಿತ್ರದ ಹಾಳೆ ಇದ್ದರೆ ಒಳ್ಳೆಯದು ಎಂದು ಅವನ ಆಸೆ. ಮಾಷ್ಟ್ರ ಗೆರೆ ನೋಡಿದ್ದ ಡೇಲ್ ಅವರನ್ನೇ ಕೇಳಿದ. ಇವರಿಗೆ ಹಿಗ್ಗಾಯಿತು. ಪೆಟ್ಟಿಗೆ ಬಿಟ್ಟು ಕೈಯಲ್ಲಿ ಬರೆಯುವ ಕೆಲಸ ಬಂದು ಎಷ್ಟೋ ವರ್ಷವಾಗಿತ್ತು.

ಮೊದಲ ಸಲ ಬರೆದದ್ದು ನಮ್ಮ ಊರಿನ ಜಿಂಕೆ. ಕುದುರೆಮುಖದ ತಪ್ಪಲಲ್ಲಿ ಬೆಳೆದವರಿಗೆ ಬೇರೆ ಯಾವುದು ಗೊತ್ತು? ಕೊಂಬು ಹಿಂದಕ್ಕೆ ಬಾಗಿ ಮೇಲೇರಿದೆ, ಮೈತುಂಬ ಚುಕ್ಕಿ. ಡೇಲ್ ನಕ್ಕುಬಿಟ್ಟ. ಅವರ ಜಿಂಕೆಯ ಕೊಂಬಿನ ದಪ್ಪ ದಂಟು ಮುಂದಕ್ಕೆ ಬಾಗುತ್ತದಂತೆ, ಆ ದಂಟಿನ ಮೇಲೆ ಕವಲುಗಳು ನೆಟ್ಟಗೆ ನಿಲ್ಲುತ್ತವಂತೆ. ಮುಂದಿನ ರಜೆಯಿಂದ ಬರುವಾಗ ಕಾಡಿನಲ್ಲಿ ಉದುರಿ ಬಿದ್ದಿದ್ದ ಒಂದು ಕೊಂಬನ್ನೇ ಬಟ್ಟೆಯಲ್ಲಿ ಸುತ್ತಿ ತಂದ. ಮಾಷ್ಟ್ರು ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ತಿರುಗಿಸಿ ನೋಡಿದರು.

"ಪ್ರತಿ ವರ್ಷ ಉದುರ್ತದಂತೆ, ಪುನಃ ಬರ್ತದಂತೆ. ಗೊತ್ತುಂಟಾ ನಿಂಗೆ?"

"ನಂಗೆಂತ ಗೊತ್ತು ಮಾಷ್ಟ್ರೇ. ನಮ್ಮಲ್ಲಿ ಜಿಂಕೆ ಹೊಡೆದ್ರೆ ಜೈಲು."

"ಅಲ್ಲಿ ಎಣಿಸಿ ಹೊಡೀಬೇಕು. ಯಾಕೆ ಹೇಳು? ಸಣ್ಣವನಿಗೆ ಇನ್ನೂ ಒಂದೆರಡು ವರ್ಷ ಬದುಕ್ಲಿಕ್ಕೆ ಬಿಡ್ಲಿಕ್ಕೆ. ಭಾರೀ ಒಳ್ಳೆ ಕಾನೂನು ಮಾರಾಯ. ಬಾಣ ಬಿಡುವ ಮೊದಲು ಒಬ್ಬ ಮನುಷ್ಯ ನಿಂತು ಎಣಿಸ್ತಾನಲ್ಲ, ಅದು ದೊಡ್ಡ ವಿಷಯ."

ಎರಡು ತಿಂಗಳು ಊಟದ ಬಿಡುವಿನಲ್ಲಿ ಅದೇ ಕೆಲಸ. ಡೇಲ್‌ನನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದರು. ದಂಟಿನ ತುದಿಯೂ ಒಂದು ಕವಲೆಂದು ಲೆಕ್ಕವೋ? ಹೌದು. ಹುಬ್ಬಿನ ಹತ್ತಿರದ ಗಿಡ್ಡ ಕವಲು? ಅವರ ರಾಜ್ಯದಲ್ಲಿ ಅದೂ ಲೆಕ್ಕ, ಪಕ್ಕದ ಕೆಲವೆಡೆ ಅಲ್ಲ. ಮುರಿದದ್ದು? ಉಳಿದ ಮೋಟು ಒಂದಿಂಚು ಇದ್ದರೆ ಲೆಕ್ಕ. ಕವಲಿಗೆ ಉಂಗುರ ತೂಗುಹಾಕಿದರೆ ಜಾರದೆ ನಿಲ್ಲಬೇಕು ಎಂದು ಹಳಬರು ನೋಡುತ್ತಿದ್ದರಂತೆ, ಆದರೆ ಅರಣ್ಯದ ಅಧಿಕಾರಿ ಬಂದರೆ ಉಂಗುರ ನೋಡುವುದಿಲ್ಲ, ಅಳೆಯುತ್ತಾನೆ. ಕೊನೆಗೆ ಹಾಳೆ ತಯಾರಾಯಿತು. ಎಡಗಡೆ 'ಬಿಡಿ' ಎಂಬ ಜಿಂಕೆಗಳು, ಬಲಗಡೆ 'ಹೊಡೆಯಬಹುದು' ಎಂಬ ಜಿಂಕೆಗಳು, ನಡುವೆ ನಿಜವಾದ ಅಳತೆಯಲ್ಲಿ ಒಂದು ಕವಲು. ಮರದ ಮೇಲೆ ಕೂತವನು ಅಳತೆಪಟ್ಟಿ ಹಿಡಿದು ಇಳಿಯಲಾಗುವುದಿಲ್ಲ, ಕಣ್ಣಿನಲ್ಲೇ ತಾಳೆ ನೋಡಬೇಕು. ಹಾಗಾಗಿ ಆ ನಡುವಿನ ಚಿತ್ರವೇ ಮುಖ್ಯ. ಅಷ್ಟು ಚಂದದ ಗೆರೆಗಳನ್ನು ನಾನು ಆಮೇಲೆ ನೋಡಿಲ್ಲ. ತಮ್ಮ ಅಭ್ಯಾಸದ ಹಾಗೆ ಮೂಲೆಯಲ್ಲಿ ಕಂಪನಿಯದೇ ಚೌಕಟ್ಟು ಹಾಕಿ, ಇನಿಶಿಯಲ್ ಬರೆದು, ನನ್ನ ಮೇಜಿಗೆ ತಂದರು. ಜೊತೆಗೆ ಸರ್ಕಾರದ ಪುಸ್ತಕದಿಂದ ಡೇಲ್ ತೆಗೆಸಿಕೊಟ್ಟಿದ್ದ ಒಂದು ಪುಟ, ಮಡಚಿ ಪಿನ್ನು ಹಾಕಿದ್ದು.

"ಜಿಂಕೆಗೂ ಚೆಕ್ಕಿಂಗಾ ಮಾಷ್ಟ್ರೇ?"

"ಒಂದು ಜೀವ ಹೋಗುದು ಉಳಿಯುದು ಇದರ ಮೇಲೆ. ಆ ಪೇಜು ಓದಿ ನೋಡು. ಓದಿಯೇ ಸೈನ್ ಹಾಕು."

"ಆಯ್ತು, ಇಟ್ಟು ಹೋಗಿ."

ಬಾಗಿಲ ತನಕ ಹೋದವರು ತಿರುಗಿ ಬಂದರು. "ಓದ್ತೀಯಲ್ಲ?"

"ಓದ್ತೇನೆ ಮಾರ್ರೆ!"

ಅದು ಗುರುವಾರದ ಸಂಜೆ, ಮರುದಿನ ಶುಕ್ರವಾರ ಅಲ್ಲಿನ ವಾರದ ರಜೆ. ಹೆಂಡತಿ, ಐದು ತಿಂಗಳ ಮಗಳು ಫ್ಯಾಮಿಲಿ ವೀಸಾದಲ್ಲಿ ಬಂದು ವಾರವಾಗಿತ್ತು. ಅಬು ಹಮೂರ್‌ನ ನಮ್ಮ ಒಂದು ಕೋಣೆಯ ಮನೆಗೆ ಓಡುವ ಅವಸರ ನನಗೆ. ಹಾಳೆಯಲ್ಲಿ ಒಂದಿಂಚು ಎಂದಿದೆ, ಪುಸ್ತಕದಲ್ಲೂ ಒಂದಿಂಚು ಎಂದು ಕೇಳಿದ್ದೆ. ಇನಿಶಿಯಲ್ ಹಾಕಿದೆ. ಪಿನ್ನು ತೆಗೆಯಲೂ ಇಲ್ಲ.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ಡೇಲ್ ಪೆಚ್ಚಾಗಿ ಕೂತಿದ್ದ. ಅವನ ತಂಗಿ ಶಾಲೆಯ ಬಸ್ಸು ಓಡಿಸುವವಳು, ಗಂಡ ಬಿಟ್ಟುಹೋದ ಮೇಲೆ ಅಪ್ಪನ ಕೂಟದಲ್ಲಿ ಬಿಲ್ಲು ಕಲಿತವಳು. ಆ ವರ್ಷ ಅವಳ ಮೊದಲ ಜಿಂಕೆ. ಕೋಟಿನ ಜೇಬಿನಲ್ಲಿ ಮಾಷ್ಟ್ರ ಹಾಳೆಯನ್ನು ಮಡಚಿ ಇಟ್ಟುಕೊಂಡು ಮರ ಹತ್ತಿದ್ದಳಂತೆ. ಜಿಂಕೆ ಬಂದಾಗ ಎಣಿಸಿದಳು. ಮೂರನೆಯ ಕವಲು ಗಿಡ್ಡವಾಗಿತ್ತು, ಚಿತ್ರಕ್ಕೆ ತಾಳೆ ನೋಡಿದಳು, ಸರಿ ಎನಿಸಿತು, ಬಾಣ ಬಿಟ್ಟಳು. ಅಧಿಕಾರಿ ಬಂದು ಅಳೆದರೆ ಕವಲು ಮುಕ್ಕಾಲಿಂಚು. ಜಿಂಕೆಯನ್ನು ಕೊಂಡುಹೋದರು. ಗೊತ್ತಿದ್ದೇ ಹೊಡೆದದ್ದು ಎಂದು ವಿಚಾರಣೆಯಲ್ಲಿ ತೀರ್ಮಾನವಾದರೆ ಲೈಸೆನ್ಸ್ ಹೋಗುತ್ತದೆ. ಸಣ್ಣ ಊರು, ಕಳ್ಳಬೇಟೆಯವಳು ಎಂಬ ಹೆಸರು ಬಂದರೆ ಮಕ್ಕಳ ಬಸ್ಸಿನ ಕೆಲಸವೂ ಕಷ್ಟ ಎಂದು ಅಪ್ಪ ಬರೆದಿದ್ದ.

ಮಾಷ್ಟ್ರು ಕೇಳುತ್ತಾ ನಿಂತಿದ್ದವರು ನೆಟ್ಟಗೆ ತಮ್ಮ ಮೇಜಿಗೆ ಹೋದರು. ಮರದ ಸ್ಕೇಲು ತೆಗೆದರು, ಹಾಳೆಯ ಪ್ರತಿಯನ್ನು ಬಿಚ್ಚಿದರು. ಐದು ನಿಮಿಷವಾಗಿರಬೇಕು. ನನ್ನನ್ನು ಕರೆದರು.

"ಸೆಂಟರ್ ಲೈನಿಂದ ಹಾಕಿದ್ದೇನೆ ಮಾರಾಯ."

ನನಗೆ ತಕ್ಷಣ ಅರ್ಥವಾಯಿತು. ದೊಡ್ಡ ಪೈಪಿನಿಂದ ಸಣ್ಣ ಪೈಪು ಕವಲೊಡೆದರೆ ಅದರ ಉದ್ದವನ್ನು ನಾವು ದೊಡ್ಡ ಪೈಪಿನ ಮೈಯಿಂದ ಅಳೆಯುವುದಿಲ್ಲ, ಅದರ ನಡುಗೆರೆಯಿಂದ ಅಳೆಯುತ್ತೇವೆ. ಮೂವತ್ತು ವರ್ಷ ಹಾಗೆ ಬರೆದ ಕೈ ಕೊಂಬನ್ನೂ ಪೈಪೆಂದೇ ಎಣಿಸಿತ್ತು. ಪುಸ್ತಕದ ಪುಟ ತೆಗೆದು ನೋಡಿದೆವು. ದಂಟಿನ ಅಂಚಿನಿಂದ ಕವಲಿನ ತುದಿಯವರೆಗೆ ಎಂದು ಸ್ಪಷ್ಟವಾಗಿ ಬರೆದಿತ್ತು. ಮಾಷ್ಟ್ರ ಚಿತ್ರದಲ್ಲಿ ಅರ್ಧ ಇಂಚು ದಂಟಿನೊಳಗೇ ಮುಳುಗಿತ್ತು. ಹೊರಗೆ ಕಾಣುವ ಕವಲು ಅರ್ಧ ಇಂಚೇ, ಹಾಗಾಗಿ ಮುಕ್ಕಾಲಿಂಚಿನದ್ದು ಅವಳಿಗೆ ಸರಿ ಕಂಡಿತ್ತು. ಯಾರು ಓದಿದ್ದರೂ ಕಣ್ಣಿಗೆ ರಾಚುವ ತಪ್ಪು. ಇಷ್ಟು ಸಲ ಓದಿಯೂ ತನಗೆ ಕಾಣಲಿಲ್ಲವಲ್ಲ ಎಂದು ಅವರು ತಲೆ ಚಚ್ಚಿಕೊಂಡರು. ನಾನು ಓದಿದ್ದೆನೋ ಇಲ್ಲವೋ ಎಂದು ಅವರು ಕೇಳಲಿಲ್ಲ. ಅವರೇ ಹಾಕಿದ್ದ ಆ ಪುಟದ ಪಿನ್ನು ಆಗಷ್ಟೇ ಅವರ ಕೈಯಿಂದಲೇ ಬಿಚ್ಚಿಕೊಂಡದ್ದು.

ಡೇಲ್ ದೊಡ್ಡ ಮನಸ್ಸಿನವನು. ಬಾಣ ಬಿಟ್ಟವರದ್ದೇ ಜವಾಬ್ದಾರಿ, ಚಿತ್ರ ಬರೆದವರದ್ದಲ್ಲ, ನಾನೂ ನೋಡಲಿಲ್ಲ, ಬಿಟ್ಟುಬಿಡಿ ಎಂದ. ಮಾಷ್ಟ್ರು ಬಿಡುವವರೇ? ವಿಚಾರಣೆಯ ಅಧಿಕಾರಿಗೆ ಪತ್ರ ಬರೆಯುತ್ತೇನೆ ಎಂದು ಹಟ ಹಿಡಿದರು. ಆ ಶುಕ್ರವಾರ ಬೆಳಿಗ್ಗೆ ನಮ್ಮವರ ಬಲಿಪೂಜೆ ಮುಗಿಸಿ ನಾನು ಮನ್ಸೂರಾದ ಹೋಟೆಲಿಗೆ ಹೋದಾಗ ಅವರು ಮೊದಲೇ ಬಂದು ಕೂತಿದ್ದರು. ಎದುರಿಗಿದ್ದ ದೋಸೆ ತಣ್ಣಗಾಗಿತ್ತು.

"ಮಾಷ್ಟ್ರೇ, ಹಾಳೆಯಲ್ಲಿ ಕಂಪನಿಯ ಹೆಸರುಂಟು. ಮುದೀರನಿಗೆ ಗೊತ್ತಾದ್ರೆ ಖಲಾಸ್. ನಿಮ್ಮ ವೀಸಾ ರಿನ್ಯೂವಲ್ ಬರುವ ತಿಂಗಳು. ಅವನು ಸೈನ್ ಹಾಕದಿದ್ರೆ?" ಎಂದೆ. ಮುದೀರ್ ಎಂದರೆ ನಮ್ಮ ಮ್ಯಾನೇಜರ್, ಅರಬಿ ಮಾತು.

"ಅವನಿಗೆ ನಾನೇ ಹೇಳ್ತೇನೆ. ಅವನ ಕಂಪನಿಯ ಹೆಸರು ಹಾಕಿದ ಶೀಟು. ಹೇಳದೆ ಕಳಿಸಿದ್ರೆ ಅದು ಇನ್ನೊಂದು ತಪ್ಪು."

"ಇನ್ನು ಮೂರು ವರ್ಷ ಇದ್ರೆ ಮನೆ ಮುಗೀತದೆ ಅಂತ ನೀವೇ ಹೇಳಿದ್ದು. ಯಾವ ಊರಿನ ಯಾವ ಹೆಂಗಸೋ!"

"ಅವಳು ನನ್ನ ಗೆರೆ ನಂಬಿ ಮರ ಹತ್ತಿದ್ದು. ಕಳ್ಳಿ ಅಂತ ಅವಳಿಗೆ ಹೆಸರು ಬರುದು, ನಾನು ಇಲ್ಲಿ ದೋಸೆ ತಿನ್ನುದು. ಆಗ್ತದಾ?"

ಆಗ ನಾನು ಆ ಮಾತು ಹೇಳಿದೆ. ಹೇಳುವಾಗ ಅವರ ಮುಖ ನೋಡಲಿಲ್ಲ, ಸಾಂಬಾರಿನ ಬಟ್ಟಲನ್ನು ನೋಡುತ್ತಿದ್ದೆ. "ಹಾಗಾದ್ರೆ ನನ್ನ ಇನಿಶಿಯಲ್ ತೆಗೆದುಬಿಡಿ ಮಾಷ್ಟ್ರೇ. ನಂಗೆ ಸಣ್ಣ ಮಗು ಉಂಟು."

ಅವರು ಬೈಯುತ್ತಾರೆ ಎಂದುಕೊಂಡೆ. ಒಂದು ಬೈಗುಳ ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಕೊಟ್ಟಾದ ಹಾಳೆಯಿಂದ ತೆಗೀಲಿಕ್ಕೆ ಆಗುದಿಲ್ಲ ಮಾರಾಯ" ಎಂದರು, ತುಂಬ ಮೆಲ್ಲಗೆ. "ನೋಡುವ. ಹೆದರ್ಬೇಡ. ಮಗುವಿಗೆ ಶೀತ ಕಮ್ಮಿ ಆಯ್ತಾ?"

ಪತ್ರದಲ್ಲಿ ಏನು ಬರೆದರೆಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ. ತಿದ್ದಿದ ಹೊಸ ಹಾಳೆ ಮಾಡಿದರು. ಬದಲಾದ ಅಳತೆಯ ಸುತ್ತ ನಾವು ಮೋಡದಂಥ ಗೆರೆ ಹಾಕುತ್ತೇವಲ್ಲ, ಅದನ್ನೂ ಹಾಕಿದ್ದರು. ಮುದೀರನ ಕೋಣೆಗೆ ಹೋಗಿ ಇಪ್ಪತ್ತು ನಿಮಿಷ ಇದ್ದು ಬಂದರು. ಪತ್ರ ಕಳಿಸಬೇಡ, ನಾನೂ ಮರೆತುಬಿಡುತ್ತೇನೆ ಎಂದನಂತೆ ಅವನು. ಅವನ ಮಟ್ಟಿಗೆ ಅದು ಒಳ್ಳೆಯ ಮಾತೇ. ಮಾಷ್ಟ್ರು ಅದೇ ಮಧ್ಯಾಹ್ನ ಡೇಲ್‌ನ ಕೈಯಲ್ಲಿ ಪತ್ರ ಕೊಟ್ಟರು.

ಆ ಹೆಂಗಸಿಗೆ ಲೈಸೆನ್ಸ್ ಉಳಿಯಿತು, ಗೊತ್ತಿಲ್ಲದೆ ಆದದ್ದು ಎಂದು ವಿಚಾರಣೆಯವರು ಒಪ್ಪಿಕೊಂಡರು. ಜಿಂಕೆ ವಾಪಸು ಸಿಗಲಿಲ್ಲ. ಮಾಷ್ಟ್ರ ರಿನ್ಯೂವಲ್ ಕಾಗದಕ್ಕೆ ಮುದೀರ್ ಸೈನ್ ಹಾಕಲಿಲ್ಲ, ವಯಸ್ಸಾಯಿತು ಎಂದು ಕಾರಣ ಬರೆದ. ಜನವರಿಯಲ್ಲಿ ಅವರನ್ನು ಏರ್‌ಪೋರ್ಟಿಗೆ ಬಿಟ್ಟವನು ನಾನೇ. ದಾರಿಯುದ್ದಕ್ಕೂ ಕಡಲಂಚಿನ ಕಾರ್ನಿಶ್‌ನ ಕಡೆ ಎದ್ದಿರುವ ಹೊಸ ಕಟ್ಟಡಗಳ ತಪ್ಪು ತೋರಿಸುತ್ತಾ ಬಂದರು. ಇಳಿಯುವಾಗ, "ಚೆಕ್ ಮಾಡುವಾಗ ಅವಸರ ಮಾಡ್ಬೇಡ ಆಯ್ತಾ" ಎಂದರು. ಅದರಲ್ಲಿ ಚುಚ್ಚು ಇರಲಿಲ್ಲ. ನಾನು ತಲೆಯಾಡಿಸಿದೆ. ಆಮೇಲೆ ನನಗೆ ಬಡ್ತಿ ಸಿಕ್ಕಿತು, ಮಗಳು ದೋಹಾದಲ್ಲೇ ಶಾಲೆ ಮುಗಿಸಿದಳು.

ಅವರ ಹೆಂಡತಿಯ ಫೋನು ಬಂದ ದಿನ ಡೇಲ್‌ಗೆ ಇಮೇಲ್ ಮಾಡಿದೆ. ನಿವೃತ್ತನಾಗಿ ಊರಿನಲ್ಲಿದ್ದಾನೆ. ಮರುದಿನವೇ ಉತ್ತರ ಬಂತು. ತಂಗಿ ಅತ್ತಳು ಎಂದು ಬರೆದಿದ್ದ, ಅವಳು ಇಷ್ಟು ವರ್ಷ ಜೋಪಾನ ಮಾಡಿಟ್ಟಿದ್ದ ಪತ್ರದ ಪ್ರತಿಯನ್ನೂ ಕಳಿಸಿದ್ದ. ಒಂದೇ ಪುಟ, ಮಾಷ್ಟ್ರ ಅಚ್ಚಿನಂಥ ಕೈಬರಹ, ಮುರುಕು ಇಂಗ್ಲಿಷು. ಅಳತೆ ಹೇಗೆ ತಪ್ಪಿತು, ಚಿತ್ರ ನಂಬಿದವರದ್ದು ತಪ್ಪಲ್ಲ ಎಂದೆಲ್ಲ ಇತ್ತು. ಕೊನೆಗೆ ನನ್ನ ವಿಷಯ. ಪರಿಶೀಲಿಸಿದ ಹುಡುಗನನ್ನು ದೂರಬೇಡಿ, ನಿಯಮದ ಪುಟವನ್ನು ನಾನು ಅವನಿಗೆ ತೋರಿಸಲೇ ಇಲ್ಲ, ಬರೀ ಚಿತ್ರ ಕೊಟ್ಟು ಸಹಿ ಹಾಕಿಸಿದೆ ಎಂದು ಬರೆದಿದ್ದರು.

ಒಂದು ಬೋಲ್ಟಿನ ಲೆಕ್ಕ ಸುಳ್ಳಾಗಬಾರದೆಂದು ಬಿಸಿಲಲ್ಲಿ ಬೆಂದ ಮನುಷ್ಯ ನನಗಾಗಿ ಅದನ್ನು ಬರೆದು ಕೆಳಗೆ ಸಹಿ ಹಾಕಿದ್ದಾರೆ. ನಾನು ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಡೇಲ್‌ಗೂ ಅವನ ತಂಗಿಗೂ ಬರೆದೆ, ಮಾಷ್ಟ್ರ ಮನೆಯವರಿಗೆ ಫೋನ್ ಮಾಡಿ ಹೇಳಿದೆ, ಈಗ ಇಲ್ಲಿ ಬರೆಯುತ್ತಿದ್ದೇನೆ. ಪುಟ ನನ್ನ ಮೇಜಿನ ಮೇಲಿತ್ತು. ಓದು ಎಂದು ಅವರು ಬಾಗಿಲಿಂದ ತಿರುಗಿ ಬಂದು ಎರಡನೇ ಸಲ ಹೇಳಿದ್ದರು. ನಾನು ಓದಲಿಲ್ಲ.